ನಮ್ಮೂರಲ್ಲಿ ಇಲ್ಲದ ಹೊಳೆ, ಮಕ್ಕಳ ಚಿತ್ರದಲ್ಲಿ ಹರಿಯುವ ಹೊಳೆ

ಈಚೆಗೆ ರಜೆಯಲ್ಲಿ ಮೊಮ್ಮಗಳು ಕಟ್ಟೆ ಮೇಲೆ ಕೂತು ಚಿತ್ರ ತೆಗೆಯುತ್ತಿದ್ದಳು. ಮೂರನೇ ಇಯತ್ತೆ. ಮಗಳು ಅಳಿಯ ದುಡಿಯಲಿಕ್ಕೆ ಮಂಗಳೂರು ಕಡೆ ಹೋಗಿರುವುದರಿಂದ ಆಕೆ ನಮ್ಮ ಹತ್ತಿರವೇ ಇದ್ದಾಳೆ. ಹೊಲದಿಂದ ಬಂದವನು ಕೈಕಾಲು ತೊಳೆದು ಬಗ್ಗಿ ನೋಡಿದೆ. ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಗುಡ್ಡದಿಂದ ಇಳಿದು ಬರುವ ಹೊಳೆ, ಹೊಳೆ ದಂಡೆಗೆ ಹೆಂಚಿನ ಮನೆ, ಒಂದು ತೆಂಗಿನ ಗಿಡ.

“ಏನವ್ವ ಇದು?”

“ನಮ್ಮೂರು, ಅಜ್ಜ.”

ನಮ್ಮೂರಿಗೆ ಹೊಳೆ ಇಲ್ಲ. ಗದಗ ಸೀಮೆಯ ಎರೆ ಹೊಲದ ಊರು ನಮ್ಮದು. ಕಣ್ಣು ಹಾಯುವ ತನಕ ಬಯಲು. ಬಾನು ತಿಳಿಯಾದ ದಿನ ದೂರದಲ್ಲಿ ಕಪ್ಪತಗುಡ್ಡ ಕಾಣುತ್ತದೆ. ಅದೂ ಎರಡು ತ್ರಿಕೋನದಂತಿಲ್ಲ, ಮಲಗಿದ ಎಮ್ಮೆಯ ಬೆನ್ನಿನಂತೆ ಉದ್ದಕ್ಕೆ ಇದೆ. ನಮ್ಮದು ಮಾಳಿಗೆ ಮನೆ, ಹೆಂಚಿನದಲ್ಲ. ತೆಂಗಿನ ಗಿಡ ಊರಿಗೆಲ್ಲ ಸೇರಿ ನಾಲ್ಕು ಇರಬಹುದು.

“ನಮ್ಮೂರಾಗ ಹೊಳಿ ಎಲ್ಲೈತಿ?” ಅಂದೆ.

“ಹಿಂಗ ತಗೀಬೇಕು ಅಂತ ಸಾಲ್ಯಾಗ ತೋರಿಸ್ಯಾರ. ಹಿಂಗ ತಗದ್ರ ರೈಟ್ ಹಾಕ್ತಾರ.”

ಹಳೇ ವಹಿ ತೆಗೆಸಿ ನೋಡಿದೆ. ಒಂದನೇ ಇಯತ್ತೆಗೆ ಹೋಗುವ ಮುಂಚೆ ಗೋಡೆ ಮೇಲೆ ಇದ್ದಲಿನಿಂದ ಗೀಚಿದ್ದಳಲ್ಲ, ಅದೂ ಇನ್ನೂ ಇದೆ. ಅದರಲ್ಲಿ ನಮ್ಮ ಕೊಂಬು ಮುರಿದ ಎತ್ತು ಇದೆ, ಹೊಟ್ಟೆಯಲ್ಲಿ ಕಣಿಕೆ ತುಂಬಿರುವುದೂ ಕಾಣುತ್ತದೆ! ಅಜ್ಜಿಯ ಕೈ ಅಜ್ಜಿಗಿಂತ ದೊಡ್ಡದು, ಯಾಕೆಂದರೆ ರೊಟ್ಟಿ ಬಡಿಯುವ ಕೈ. ಅದು ಅವಳು ಕಂಡದ್ದು. ವಹಿಯಲ್ಲಿರುವುದು ಅವಳಿಗೆ ತೋರಿಸಿದ್ದು. ಮೂರು ವರ್ಷದಲ್ಲಿ ಕೈ ತಿದ್ದಿದೆ, ಗೆರೆ ನೆಟ್ಟಗಾಗಿದೆ, ಕಣ್ಣು ಮಾತ್ರ ಬೇರೆಯವರದಾಗಿದೆ.

ನಾನು ಓದಿದ್ದು ಏಳನೇ ಇಯತ್ತೆ. ಶಿಕ್ಷಣದ ಬಗ್ಗೆ ಮಾತಾಡಲು ನಿನಗೇನು ಅಧಿಕಾರ ಅಂತ ಕೇಳಿದರೆ ಉತ್ತರ ಇಲ್ಲ. ಆದರೆ ಮೂವತ್ತೈದು ವರ್ಷ ಒಣಬೇಸಾಯ ಮಾಡಿದ್ದೇನೆ, ಇಬ್ಬರು ಮಕ್ಕಳನ್ನು ಶಾಲೆಗೆ ಕಳಿಸಿದ್ದೇನೆ, ಅದರಲ್ಲಿ ಒಂದು ದೊಡ್ಡ ತಪ್ಪು ಮಾಡಿದ್ದೇನೆ. ಆ ಅಧಿಕಾರದ ಮೇಲೆ ಬರೆಯುತ್ತಿದ್ದೇನೆ.

ಒಲೆಗೆ ಹೋದ ಕೂರಿಗೆ

ನನ್ನ ಮಗ ನಾಲ್ಕನೆಯದೋ ಐದನೆಯದೋ ಓದುವಾಗಿನ ಮಾತು, 2006ರ ಸುಮಾರು. ಜೋಳದ ದಂಟಿನಲ್ಲಿ ಬಂಡಿ ಮಾಡುವುದು ನಮ್ಮ ಕಡೆ ಎಲ್ಲ ಹುಡುಗರಿಗೂ ಬರುತ್ತದೆ. ದಂಟಿನ ಸಿಪ್ಪೆ ಸುಲಿದು ಒಳಗಿನ ಬೆಂಡು ತೆಗೆದು, ಸಿಪ್ಪೆಯನ್ನೇ ಮೊಳೆ ಮಾಡಿ ಚುಚ್ಚಿದರೆ ಗಾಲಿ, ನೊಗ, ಈಸು ಎಲ್ಲ ಆಗುತ್ತದೆ. ಇವನು ಬಂಡಿ ಬಿಟ್ಟು ಕೂರಿಗೆ ಮಾಡಲು ಕುಳಿತ. ಮೂರು ತಾಳಿನ ಕೂರಿಗೆ. ಕೊಳವೆಗೆ ಪಪ್ಪಾಯಿ ಎಲೆಯ ದೇಟು, ಬಟ್ಟಲಿಗೆ ಬೋಳು ತೆಂಗಿನ ಕರಟ. ಕರಟಕ್ಕೆ ಕಾಯಿಸಿದ ಮೊಳೆಯಿಂದ ಮೂರು ತೂತು. ಬೀಜದ ಬದಲು ಉಸುಕು ಬಿಟ್ಟು ಅಂಗಳದ ತುಂಬ ಬಿತ್ತುತ್ತಿದ್ದ.

ಒಂದು ದಿನ ಬಂದು ಹೇಳಿದ: “ಅಪ್ಪಾ, ನಡಕಿನ ತಾಳಿಗೆ ಉಸುಕು ಭಾಳ ಬೀಳ್ತದ, ಬದಿಯವಕ್ಕ ಕಡಿಮಿ. ನಡಕಿನ ತೂತು ಸಣ್ಣದು ಮಾಡ್ಲೋ, ಬದಿಯ ಕೊಳವಿ ನೆಟ್ಟಗ ಮಾಡ್ಲೋ?”

ಕೃಷಿಕರಾದ ನಿಮಗೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಮೂರು ಸಾಲಿಗೂ ಒಂದೇ ಸಮ ಬೀಜ ಬೀಳಬೇಕೆಂಬುದು ಕೂರಿಗೆ ಹಿಡಿದವನ ಜೀವನಪೂರ್ತಿ ತಲೆನೋವು. ಬಡಿಗ್ಯಾರು ಇದನ್ನೇ ಕಲಿಯಲು ವರ್ಷಗಟ್ಟಲೆ ತಗೊಳ್ಳುತ್ತಾರೆ. ಹತ್ತು ವರ್ಷದ ಹುಡುಗ ಅದನ್ನು ತಾನೇ ಕಂಡುಹಿಡಿದಿದ್ದ. ಕಂಡುಹಿಡಿದದ್ದು ಮಾತ್ರವಲ್ಲ, ಎರಡು ಪರಿಹಾರ ಹೇಳಿ ಯಾವುದು ಸರಿ ಅಂತ ಕೇಳಿದ್ದ.

ನಾನೇನು ಮಾಡಿದೆ? ಅದೇ ವಾರ ಶಾಲೆಯಿಂದ ಕಿರುಪರೀಕ್ಷೆಯ ಕಾಗದ ಬಂದಿತ್ತು. ಗಣಿತಕ್ಕೆ ಇಪ್ಪತ್ತೈದಕ್ಕೆ ಆರು. “ನಿಮ್ಮ ಹುಡುಗ ಪಾಠದ ಕಡೆ ಲಕ್ಷ್ಯ ಕೊಡೂದಿಲ್ಲ, ಬರೀ ಕಸಕಡ್ಡಿ ಆಟ” ಅಂತ ಹೇಳಿ ಕಳಿಸಿದ್ದರು. ನನಗೆ ನಾಲ್ಕು ಜನರ ಮುಂದೆ ಅವಮಾನ. ಬಂದವನೇ ಕೂರಿಗೆ ಎತ್ತಿ ನೀರು ಕಾಯಿಸುವ ಒಲೆಗೆ ಹಾಕಿದೆ. ಒಣ ದಂಟು, ಬುಗ್ಗೆಂದು ಉರಿದು ಹೋಯಿತು. ಹುಡುಗ ಅಳಲಿಲ್ಲ. ಸುಮ್ಮನೆ ನಿಂತು ನೋಡಿ ಒಳಗೆ ಹೋಗಿ ಪುಸ್ತಕ ತೆಗೆದ.

ಆಮೇಲೆ ಅವನು ಏನನ್ನೂ ಮಾಡಲಿಲ್ಲ. ಓದುವುದೂ ಬರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷು ಉಳಿದವು. ಎರಡು ಸಲ ಕಟ್ಟಿ ಬಿಟ್ಟ. “ನಾ ದಡ್ಡ ಅದೀನಿ, ಬಿಡಪ್ಪಾ” ಅಂತ ಅವನೇ ಹೇಳಲು ಕಲಿತ. ಇವತ್ತು ಬೆಂಗಳೂರಿನ ಒಂದು ದೊಡ್ಡ ಕಟ್ಟಡದ ಗೇಟಿನಲ್ಲಿ ಕಾವಲಿದ್ದಾನೆ. ಕೆಲಸ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ದುಡಿದು ಉಣ್ಣುವುದೇ. ಆದರೆ ಹನ್ನೆರಡು ತಾಸು ಅವನು ಮಾಡುವುದು ಗೇಟು ತೆರೆಯುವುದು, ಮುಚ್ಚುವುದು, ವಹಿಯಲ್ಲಿ ಗಾಡಿ ನಂಬರು ಬರೆಯುವುದು. ಶಾಲೆ ಅವನಿಗೆ ಕೊನೆಗೆ ಕಲಿಸಿದ್ದು ಅದನ್ನೇ: ಹೇಳಿದ ಜಾಗದಲ್ಲಿ ಕೂಡುವುದು, ಹೇಳಿದ್ದು ಬರೆಯುವುದು, ಪ್ರಶ್ನೆ ಕೇಳದಿರುವುದು.

ಟಾಕಿ ತುಂಬುವ ಲೆಕ್ಕ

ನಾನು ಕಲಿತ ಗಣಿತದ ಪುಸ್ತಕದಲ್ಲಿ ಒಂದು ಲೆಕ್ಕ ಇತ್ತು, ಮಗನ ಪುಸ್ತಕದಲ್ಲೂ ಇತ್ತು. ಒಂದು ನಳ ಟಾಕಿಯನ್ನು ಮೂರು ತಾಸಿನಲ್ಲಿ ತುಂಬುತ್ತದೆ, ಇನ್ನೊಂದು ನಳ ಐದು ತಾಸಿನಲ್ಲಿ ಖಾಲಿ ಮಾಡುತ್ತದೆ, ಎರಡೂ ಬಿಟ್ಟರೆ ಎಷ್ಟು ತಾಸಿಗೆ ತುಂಬುತ್ತದೆ? ನನ್ನ ಸಹಪಾಠಿಯೊಬ್ಬ ಎದ್ದು ನಿಂತು, “ನೀರು ಬೇಕಾದಾಗ ಕೆಳಗಿನ ನಳ ಯಾಕ ಬಿಡ್ತಾರ್ರಿ ಸರ?” ಅಂತ ಕೇಳಿದ್ದ. ಬರದ ಊರಿನ ಹುಡುಗ ಕೇಳಬೇಕಾದ ಪ್ರಶ್ನೆಯೇ ಅದು. ಅವನಿಗೆ ಸಿಕ್ಕಿದ್ದು ಅಂಗೈಗೆ ಎರಡು ಛಡಿ ಏಟು. ಏಟು ಬಿದ್ದದ್ದು ಅವನ ಕೈಗೆ, ಪ್ರಶ್ನೆ ನಿಂತದ್ದು ನಮ್ಮೆಲ್ಲರ ಬಾಯಲ್ಲಿ.

ಲೆಕ್ಕ ಬೇಡ ಅಂತಲ್ಲ. ನಮ್ಮದೇ ಲೆಕ್ಕ ಬೇಕಾದಷ್ಟಿವೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. 40 ಗುಂಟೆಗೆ ಒಂದು ಎಕರೆ. ಒಂದು ಎಕರೆ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಸುಮಾರು 4,000 ಲೀಟರು ನೀರು. ನಮ್ಮ ಕಡೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಹಾಗಾದರೆ ಶಾಲೆಯ ಛತ್ತಿನ ಮೇಲೆ ಬೀಳುವ ನೀರು ಎಷ್ಟು? ಎಲ್ಲಿ ಹೋಗುತ್ತದೆ? ಹಿಡಿದಿಟ್ಟರೆ ಬಿಸಿಯೂಟದ ಅಡುಗೆಗೆ ಎಷ್ಟು ದಿನ ಬಂದೀತು? ಮಕ್ಕಳೇ ಛತ್ತು ಅಳೆದು ಮಾಡಲಿ. ಹಿಂಗಾರಿ ಜೋಳಕ್ಕೆ 18 ಇಂಚು ಸಾಲು, ಕಡಲೆಗೆ 12 ಇಂಚು. ಎಕರೆಗೆ ಎಷ್ಟು ಸಾಲಾಯಿತು, ಎತ್ತು ಎಷ್ಟು ದೂರ ನಡೆದವು? ಇದೂ ಗುಣಾಕಾರ, ಭಾಗಾಕಾರವೇ. ವ್ಯತ್ಯಾಸ ಏನೆಂದರೆ ಇದರ ಉತ್ತರ ಪುಸ್ತಕದ ಹಿಂದಿನ ಪುಟದಲ್ಲಿ ಇಲ್ಲ. ಹೊಲಕ್ಕೆ ಹೋಗಿ ನೋಡಬೇಕು.

ಹೊಸದನ್ನು ಮಾಡುವ ಬುದ್ಧಿ ಅಂದರೆ ಕವಿತೆ ಕಟ್ಟುವುದು, ಬಣ್ಣ ಬಳಿಯುವುದು ಮಾತ್ರ ಅಂತ ಕೆಲವರು ತಿಳಿದಿದ್ದಾರೆ. ಒಣಬೇಸಾಯದವನಿಗೆ ಅದು ಬದುಕಿನ ಪ್ರಶ್ನೆ. ಹೆಸರು ಬಿತ್ತಬೇಕೆಂದಾಗ ಮಳೆ ಕೈಕೊಟ್ಟರೆ ಮುಂದೇನು? ಅಕ್ಕಡಿ ಸಾಲಿಗೆ ಏನು ಹಾಕಬೇಕು? ಕುಂಟೆಯ ಕುಡ ಮುರಿದರೆ ಇದ್ದುದರಲ್ಲೇ ಏನು ಮಾಡಬೇಕು? ಪ್ರತಿ ವರ್ಷ ಹೊಸ ಪರೀಕ್ಷೆ, ಪಠ್ಯಪುಸ್ತಕ ಇಲ್ಲ. ಉತ್ತರ ಒಂದೇ ಅಂತ ಹತ್ತು ವರ್ಷ ಕಲಿತು ಬಂದ ಹುಡುಗ ಇಲ್ಲಿ ನಿಲ್ಲುವುದಿಲ್ಲ, ಓಡಿ ಹೋಗುತ್ತಾನೆ.

ಕಣ್ಣಿನ ವಿದ್ಯೆ, ಕಾಗದದ ವಿದ್ಯೆ

ನಮ್ಮ ಪಕ್ಕದ ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಹೆಸರು ಒಣಬೇಸಾಯದವರಿಗೆ ಹೊಸದಲ್ಲ. ಹುಡುಗನಾಗಿದ್ದಾಗ ಬೆಳಗ್ಗೆ ಎಚ್ಚರ ಆಗುವುದಿಲ್ಲ ಅಂತ ಗಡಿಯಾರದ ಅಲಾರಂ ಕೀಲಿಗೆ ದಾರ ಕಟ್ಟಿ, ಕೀಲಿ ತಿರುಗಿದಾಗ ನೀರಿನ ಬಾಟ್ಲಿ ಮುಖದ ಮೇಲೆ ಉರುಳುವಂತೆ ಮಾಡಿಕೊಂಡಿದ್ದರಂತೆ. ಮುಂದೆ ಹುಣಸೆ ಬೀಜ ತೆಗೆಯುವ ಯಂತ್ರ, ಬೀಜ ಗೊಬ್ಬರ ಒಟ್ಟಿಗೆ ಹಾಕುವ ಕೂರಿಗೆ ಅಂತ ಎಷ್ಟೋ ಸಲಕರಣೆ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು. ನಾನು ಯೋಚನೆ ಮಾಡುವುದು ಇಷ್ಟೇ: ಆ ನೀರಿನ ಬಾಟ್ಲಿಯ ದಿನ ಅವರ ಮನೆಯಲ್ಲಿ ನನ್ನಂಥ ಅಪ್ಪ ಇದ್ದು ಬಾಟ್ಲಿ ಒಡೆದು ಹಾಕಿದ್ದರೆ?

ಇನ್ನೊಬ್ಬರು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ದಾದಾಜಿ ಖೋಬ್ರಾಗಡೆ. ಸಣ್ಣ ಹಿಡುವಳಿಯ ರೈತ, ಮೂರನೇ ಇಯತ್ತೆ ಓದಿದವರು. 1983ರಲ್ಲಿ ತಮ್ಮ ಗದ್ದೆಯಲ್ಲಿ ಕೆಲವು ತೆನೆ ಬೇರೆ ಥರ ಕಾಣುತ್ತಿವೆ ಅಂತ ಗಮನಿಸಿ, ಬೇರೆ ತೆಗೆದಿಟ್ಟು, ವರ್ಷ ವರ್ಷ ಬಿತ್ತಿ ಆರಿಸಿದರು. ಆಗ ಜನಪ್ರಿಯವಾಗಿದ್ದ ಕೈಗಡಿಯಾರದ ಹೆಸರೇ ಆ ಭತ್ತಕ್ಕೆ ಬಿತ್ತು, ಎಚ್‌ಎಂಟಿ. ಇಂದು ನಮ್ಮ ಅಂಗಡಿಯಲ್ಲೂ ಆ ಹೆಸರಿನ ಅಕ್ಕಿ ಸಿಗುತ್ತದೆ. ಅದೇ ಥರದ ಬೇರೆ ತೆನೆ ನಮ್ಮ ನಿಮ್ಮ ಹೊಲದಲ್ಲೂ ಬಂದಿರುತ್ತದೆ. ನೋಡುವ ಕಣ್ಣು ಬೇಕಷ್ಟೆ.

ಇದನ್ನು ಓದಿ “ನೋಡ್ರಿ, ಸಾಲಿ ಕಲೀದಿದ್ರ ಛಲೋ” ಅಂತ ಯಾರೂ ತಿಳಿಯಬಾರದು. ಖೋಬ್ರಾಗಡೆಯವರ ಬೀಜ ರಾಜ್ಯ ರಾಜ್ಯಕ್ಕೆ ಹಬ್ಬಿದರೂ ಅವರ ಬಡತನ ಕೊನೆಯ ತನಕ ಹೋಗಲಿಲ್ಲ. 2018ರಲ್ಲಿ ತೀರಿಕೊಂಡರು. ತನ್ನದನ್ನು ತನ್ನದು ಅಂತ ಉಳಿಸಿಕೊಳ್ಳಲು ಕಾಗದದ ವಿದ್ಯೆಯೂ ಬೇಕು. ನನ್ನ ಅವ್ವ ಹೆಬ್ಬೆಟ್ಟು ಒತ್ತುತ್ತಿದ್ದಳು. ಆ ಹೆಬ್ಬೆಟ್ಟಿನ ಕೆಳಗೆ ಸಾಹುಕಾರ ಏನು ಬರೆದುಕೊಂಡನೆಂದು ಆಕೆಗೆ ಸಾಯುವ ತನಕ ಗೊತ್ತಾಗಲಿಲ್ಲ. ಎರಡು ಎಕರೆ ಹೋಯಿತು. ನಮ್ಮೂರಿನ ಕೂಲಿಕಾರರ ಮನೆಯ ಹೆಣ್ಣುಮಗಳೊಬ್ಬಳು ಶಾಲೆ ಕಲಿತು ನರ್ಸ್ ಆಗಿದ್ದಾಳೆ. ಮೊದಲು ಯಾರ ಕಟ್ಟೆ ಹತ್ತಲಿಕ್ಕೆ ಅವರಿಗೆ ಅನುಮತಿ ಇರಲಿಲ್ಲವೋ ಅವರೇ ಈಗ ಆಕೆಯನ್ನು ಕರೆದು ಕೂಡಿಸಿ ಬಿ.ಪಿ. ತೋರಿಸಿಕೊಳ್ಳುತ್ತಾರೆ. ಶಾಲೆ ಬೇಡ ಅನ್ನುವವರು ಹೊಟ್ಟೆ ತುಂಬಿದವರು. ನಾನು ಆ ಸಾಲಿನವನಲ್ಲ. ಶಾಲೆಗೆ ಹೋಗಲೇಬೇಕು. ಆದರೆ ಒಂದು ವಿದ್ಯೆ ಕೊಡಲು ಇನ್ನೊಂದನ್ನು ಕಸಿಯಬೇಕೇ ಎಂಬುದು ನನ್ನ ಪ್ರಶ್ನೆ.

ಮಾಸ್ತರರನ್ನೇ ಬೈದರೆ ಆಯಿತೇ?

ಇಲ್ಲ. ಎಸ್‌ಡಿಎಂಸಿ ಸದಸ್ಯನಾಗಿ ಎರಡು ವರ್ಷದಿಂದ ಹತ್ತಿರದಲ್ಲೇ ನೋಡುತ್ತಿದ್ದೇನೆ. ಒಬ್ಬ ಶಿಕ್ಷಕಿ ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ನಡೆಸುತ್ತಾರೆ. ಬಿಸಿಯೂಟದ ಲೆಕ್ಕ, ಹಾಲು, ಮೊಟ್ಟೆ, ಸಮೀಕ್ಷೆ, ಚುನಾವಣೆ ಕೆಲಸ, ಮೊಬೈಲಿನಲ್ಲಿ ತುಂಬುವ ಮಾಹಿತಿ ಎಲ್ಲ ಅವರ ತಲೆ ಮೇಲೆ. ಎರಡು ಗುಡ್ಡ, ಒಂದು ಹೊಳೆ ಬೋರ್ಡಿನ ಮೇಲೆ ಬರೆದುಬಿಟ್ಟರೆ ಅರ್ಧ ತಾಸು ಮಕ್ಕಳು ಸುಮ್ಮನಿರುತ್ತಾರೆ. ಅದಕ್ಕೇ ಆ ಹೊಳೆ ಹುಟ್ಟಿದ್ದು.

ಒಳ್ಳೆಯದೂ ನಡೆದಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಮುಂದೆ ರಾಜ್ಯದ ಎಲ್ಲ ಸರಕಾರಿ ಶಾಲೆಗೂ ಬಂತು. ಸಣ್ಣ ಮಕ್ಕಳು ಗುಂಪಾಗಿ ಕೂತು, ಕಾರ್ಡು ಹಿಡಿದು, ಅವರವರ ವೇಗದಲ್ಲಿ ಕಲಿಯುತ್ತಾರೆ. ಆದರೆ ನಾಲ್ಕನೆಯದಕ್ಕೆ ಬಂದೊಡನೆ ಮತ್ತೆ ಸಾಲು, ಮತ್ತೆ ಪ್ರಶ್ನೋತ್ತರ, ಮತ್ತೆ ಬಾಯಿಪಾಠ. ಸಸಿಗೆ ನೀರು ಹಾಕಿ ಬೆಳೆಸಿ, ಹೂ ಬಿಡುವ ಹೊತ್ತಿಗೆ ನೀರು ನಿಲ್ಲಿಸಿದಂತೆ. ಮಕ್ಕಳ ಹೊರೆ ಇಳಿಸಿ ಅಂತ ಯಶಪಾಲ್ ಸಮಿತಿ 1993ರಲ್ಲೇ ಹೇಳಿತ್ತು. 6ರಿಂದ 8ನೇ ತರಗತಿಯ ಮಕ್ಕಳನ್ನು ಹತ್ತು ದಿನ ಚೀಲವಿಲ್ಲದೆ ಬಡಿಗ, ಕುಂಬಾರ, ತೋಟಗಾರರ ಹತ್ತಿರ ಕಲಿಯಲು ಕಳಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಗದದಲ್ಲೂ ಬರೆದಿದೆ. ಕಾಗದದಲ್ಲಿ ಇರುವುದು ನಮ್ಮೂರಿಗೆ ಬರಬೇಕಾದರೆ ನಾವೇ ಹೋಗಿ ಕೈ ಹಿಡಿದು ಕರೆತರಬೇಕು.

ಖಾಸಗಿ ಶಾಲೆಗೆ ಹಾಕಿದರೆ ಸರಿಹೋಗುತ್ತದೆ ಅನ್ನುವವರಿಗೆ ಒಂದು ಮಾತು. ನಮ್ಮ ಓಣಿಯ ಹುಡುಗ ಟೈ ಕಟ್ಟಿಕೊಂಡು ಹಳದಿ ಬಸ್ಸಿನಲ್ಲಿ ಹೋಗುತ್ತಾನೆ. ಫೀ ಕಟ್ಟಲು ಅವರಪ್ಪ ಪ್ರತಿ ವರ್ಷ ಕಡಲೆಯನ್ನು ದರ ಬರುವ ಮುಂಚೆಯೇ ಮಾರುತ್ತಾನೆ. ಆ ಹುಡುಗನೂ ಅದೇ ಎರಡು ಗುಡ್ಡ ಬರೆಯುತ್ತಾನೆ. ಕೆಳಗೆ ಇಂಗ್ಲಿಷಿನಲ್ಲಿ ಹೆಸರು ಬರೆಯುತ್ತಾನೆ, ಅಷ್ಟೇ ವ್ಯತ್ಯಾಸ.

ಜಪಾನಿನ ಒಂದು ಪುಸ್ತಕ ಇದೆ, ತೊತ್ತೋಚಾನ್. ಕನ್ನಡದಲ್ಲಿ ಸಿಗುತ್ತದೆ. ತೆತ್ಸುಕೊ ಕುರೊಯಾನಾಗಿ ಅನ್ನುವ ಹೆಣ್ಣುಮಗಳು ತಾನು ಕಲಿತ ಶಾಲೆಯ ಬಗ್ಗೆ ಬರೆದದ್ದು, ಮೊದಲು ಅಚ್ಚಾದದ್ದು 1981ರಲ್ಲಿ. ಹಳೇ ರೈಲು ಡಬ್ಬಿಗಳೇ ಅಲ್ಲಿ ತರಗತಿ ಕೋಣೆ. ಅದರಲ್ಲಿ ನನಗೆ ಹಿಡಿಸಿದ ಸಂಗತಿ ಬೇರೆ. ಮುಖ್ಯಗುರುಗಳು ಒಂದು ದಿನ ಊರ ರೈತನನ್ನು ಕರೆದು ತಂದು, ಇವತ್ತು ಇವರೇ ನಿಮ್ಮ ಬೇಸಾಯದ ಮಾಸ್ತರು ಅಂತ ಪರಿಚಯ ಮಾಡಿಕೊಡುತ್ತಾರೆ. ರೈತ ನಾಚಿಕೊಂಡು, ನಾನು ಮಾಸ್ತರಲ್ಲ, ಬರೀ ರೈತ ಅನ್ನುತ್ತಾನೆ. ಮುಖ್ಯಗುರುಗಳು ಒಪ್ಪುವುದಿಲ್ಲ. ಇಷ್ಟು ವರ್ಷದಲ್ಲಿ ನಮ್ಮಲ್ಲಿ ಎಷ್ಟು ಜನ ರೈತರಿಗೆ ನಮ್ಮೂರ ಶಾಲೆಯಿಂದ ಅಂಥ ಕರೆ ಬಂದಿದೆ?

ಮಣ್ಣೆತ್ತು ಮತ್ತು ಒಂದು ಟ್ರ್ಯಾಕ್ಟರು

ನಮ್ಮ ಕಡೆ ಐದು ಮಣ್ಣಿನ ಪೂಜೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಕ್ಕೆ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ್ಪ, ಆಮೇಲೆ ಜೋಕುಮಾರ. ಮುಂಗಾರು ಶುರುವಾಗಿ ಮಣ್ಣು ಹಸಿಯಾದ ಕಾಲಕ್ಕೆ ಮಕ್ಕಳ ಕೈಗೆ ಮಣ್ಣು ಕೊಟ್ಟರು ನಮ್ಮ ಹಿರಿಯರು. ಅದೂ ಒಂದು ಶಾಲೆಯೇ. ನಾವು ಸಣ್ಣವರಿದ್ದಾಗ ಪ್ರತಿ ಮನೆಯ ಎತ್ತೂ ಬೇರೆ ಬೇರೆ ಇರುತ್ತಿತ್ತು. ಈಗ ಸಂತೆಯಿಂದ ಅಚ್ಚಿನಲ್ಲಿ ಒತ್ತಿ ಬಣ್ಣ ಬಳಿದ ಜೋಡಿ ತರುತ್ತೇವೆ. ಎಲ್ಲ ಮನೆಯಲ್ಲೂ ಒಂದೇ ಎತ್ತು. ಹುಡುಗರ ಅಂಗಿ ಹೊಲಸಾಗುವುದಿಲ್ಲ, ಅದೊಂದೇ ಲಾಭ.

ಹೋದ ವರ್ಷ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿಕೊಂಡೆ: ಅಮಾವಾಸ್ಯೆಯ ಹಿಂದಿನ ದಿನ ಎರಡು ತಾಸು ಕೊಡಿ, ಮಣ್ಣು ನಾನು ತರುತ್ತೇನೆ. ಶಿಕ್ಷಕಿ ಖುಷಿಯಿಂದಲೇ ಒಪ್ಪಿದರು. “ಮಾಡಿ ತೋರಿಸಬೇಡ್ರಿ, ಬರೇ ಮಣ್ಣು ಕೊಡ್ರಿ” ಅನ್ನುವುದು ನನ್ನ ಒಂದೇ ಷರತ್ತು. ಮೊದಲ ಕಾಲು ತಾಸು ಮಕ್ಕಳು ಸುಮ್ಮನೆ ಕೂತರು. “ಹೆಂಗ ಮಾಡ್ಬೇಕ್ರಿ?” ಅಂತ ಬೋರ್ಡಿನ ಕಡೆ ನೋಡಿದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಮಣ್ಣು ಕೈಯಲ್ಲಿದ್ದೂ ಅಪ್ಪಣೆಗೆ ಕಾಯುವ ಒಕ್ಕಲಿಗರ ಮಕ್ಕಳು!

ಆಮೇಲೆ ಒಬ್ಬ ಶುರು ಮಾಡಿದ, ಎಲ್ಲರೂ ಬಿದ್ದರು. ಬರೀ ಎರೆಮಣ್ಣಿನಲ್ಲಿ ಮಾಡಿದ ಎತ್ತು ಸಂಜೆಗೆ ಬಿರುಕು ಬಿಟ್ಟವು. ಜರಡಿ ಹಿಡಿದ ಉಸುಕು ಬೆರೆಸಿದ ಇಬ್ಬರದು ಗಟ್ಟಿ ನಿಂತವು. ಯಾಕೆ ಅಂತ ಅವರವರೇ ಜಗಳಾಡಿ ಕಂಡುಕೊಂಡರು, ಯಾರೂ ಪಾಠ ಮಾಡಲಿಲ್ಲ. ಐದನೆಯದರ ಹುಡುಗಿಯೊಬ್ಬಳು ಟ್ರ್ಯಾಕ್ಟರು ಮಾಡಿದಳು. “ಮಣ್ಣೆತ್ತಿನ ಅಮಾಸಿಗೆ ಟ್ರ್ಯಾಕ್ಟರ್ ಏನವ್ವ?” ಅಂತ ಹಿರಿಯರೊಬ್ಬರು ಗದರಿದರು. “ನಮ್ಮನ್ಯಾಗ ಎತ್ತು ಇಲ್ಲ, ಬಾಡಿಗಿ ಟ್ರ್ಯಾಕ್ಟರ್ ಬರತೈತಿ” ಅಂದಳು ಹುಡುಗಿ. ನಿಜ ಹೇಳಿದ್ದಳು. ಅದಕ್ಕೂ ಅರಿಷಿಣ ಕುಂಕುಮ ಹಚ್ಚಿ ಪೂಜೆ ಮಾಡಿದೆವು. ನನ್ನ ಮೊಮ್ಮಗಳ ಎತ್ತಿಗೆ ಒಂದೇ ಕೊಂಬು ಇತ್ತು. ಮುರಿದು ಬಿದ್ದಿದ್ದಲ್ಲ.

ಎರಡು ತಾಸಿನಿಂದ ಜಗತ್ತು ಬದಲಾಗುವುದಿಲ್ಲ. ಬದಲಾಗಿದ್ದರೆ ಈ ರಜೆಯಲ್ಲಿ ಆಕೆ ಮತ್ತೆ ಹೊಳೆ ಬರೆಯುತ್ತಿರಲಿಲ್ಲ. ಆದರೂ ಸಣ್ಣ ರೈತರಾದ ನಮ್ಮಿಂದ, ಖರ್ಚಿಲ್ಲದೆ ಆಗುವ ಕೆಲಸ ಕೆಲವಿವೆ. ಹೊಲದಲ್ಲಿ ಮಗುವಿಗೆ ಅಂತ ಒಂದು ಸಾಲು ಬಿಡಿ. ಏನು ಬಿತ್ತಬೇಕು, ಎಷ್ಟು ಆಳಕ್ಕೆ ಅನ್ನುವುದು ಅದರ ಇಷ್ಟ. ಒಣಗಿದರೆ ಒಣಗಲಿ, ನಮ್ಮದು ಒಣಗುವುದಿಲ್ಲವೇ? ಎಸ್‌ಡಿಎಂಸಿ ಸಭೆಗೆ ಸಹಿ ಹಾಕಲು ಮಾತ್ರ ಹೋಗಬೇಡಿ, ತಿಂಗಳಿಗೊಂದು ಶನಿವಾರ ಕಂಬಾರರನ್ನೋ, ಬೀಜ ಕಟ್ಟುವ ಅಜ್ಜಿಯನ್ನೋ ಶಾಲೆಗೆ ಕರೆಸಿ. ಅಂಕದ ಪಟ್ಟಿ ಕೈಗೆ ಬಂದ ದಿನ ಮಗುವಿನ ಆಟದ ಸಾಮಾನಿನ ಮೇಲೆ ಸಿಟ್ಟು ತೀರಿಸಬೇಡಿ. ಇದು ಮಾಡಿ ನೊಂದವನ ಮಾತು.

ಕಳೆದ ಪಂಚಮಿಗೆ ಮಗ ಬಂದಿದ್ದ. ಇಷ್ಟು ವರ್ಷ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟೆ: “ನಿನ್ನ ಕೂರಿಗಿ ಸುಟ್ಟಿದ್ದೆ, ತಪ್ಪಾತು.” ಅವನು ಮರೆತಿರಬಹುದು ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ತೂತು ಸಣ್ಣದು ಮಾಡೋದಲ್ಲಪ್ಪಾ, ಬಟ್ಟಲ ಬುಡ ನಡಕ ಉಬ್ಬಿಸಬೇಕಾಗಿತ್ತು. ಆಗ ಮೂರೂ ಕಡೆ ಸಮ ಹಂಚತಿತ್ತು” ಅಂದ.

ಗೇಟಿನಲ್ಲಿ ಕೂತು ಅವನು ಅದನ್ನು ಯೋಚಿಸುತ್ತಲೇ ಇದ್ದಾನೆ. ಮರುದಿನ ಅವನು ಬಸ್ಸು ಹತ್ತುವ ಮುಂಚೆ ಹಿತ್ತಲಲ್ಲಿ ಒಂದು ಕರಟ ಹುಡುಕಿಟ್ಟೆ. ಮೊಮ್ಮಗಳನ್ನು ಕೂಡಿಸಿಕೊಂಡು ಅವನೇ ಮೊಳೆ ಕಾಯಿಸಿದ. ನಾನು ದೂರ ನಿಂತೆ, ಬಾಯಿ ಹಾಕಲಿಲ್ಲ.

ನಿಮ್ಮ ಮನೆಯ ಮಕ್ಕಳು ಏನು ಮಾಡಿದರು, ನೀವು ಏನು ಮಾಡಿದಿರಿ? ಗೆದ್ದದ್ದನ್ನಷ್ಟೇ ಅಲ್ಲ, ಸುಟ್ಟದ್ದನ್ನೂ ಬರೆಯಿರಿ. ನಾಲ್ಕು ಜನರಿಗೆ ಉಪಯೋಗವಾದೀತು.